ಉಡುಗೊರೆಯ ಹೂವು ಮತ್ತು ಕುಂಡದ ಗಿಡ: ಮನೆ ಬಿಡುವ ಮುನ್ನ ಮಾಡಬೇಕಾದ ಕೆಲಸಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಮನೆಗೆ ಬಂದ ನೆಂಟರು ಬರಿಗೈಯಲ್ಲಿ ಹಿಂತಿರುಗುವುದು ಕಡಿಮೆ. ಅಂಗಳದಲ್ಲಿ ಕಂಡ ಹೂವನ್ನು ಮೆಚ್ಚಿದರೆ ಸಾಕು, ಹೊರಡುವಾಗ ಅದರ ಒಂದು ಹಿಳ್ಳೆಯೋ ಗಡ್ಡೆಯೋ ತುಂಡೋ ಕೈಚೀಲ ಸೇರಿರುತ್ತದೆ. ಸಿದ್ದಾಪುರ ತಾಲೂಕಿನ ತ್ಯಾಗಲಿಯಂತಹ ಊರುಗಳಲ್ಲಿ ಡೇರೆ ಹೂವಿನ ಬಣ್ಣಗಳು ಮನೆಯಿಂದ ಮನೆಗೆ ಹರಡಿದ್ದು ಹೀಗೆಯೇ. ಶಿರಸಿಯಲ್ಲಿ ವನಸ್ತ್ರೀ ಸಂಘಟನೆಯ ಮಹಿಳೆಯರು ನಡೆಸಿಕೊಂಡು ಬಂದ ಮಲೆನಾಡು ಮೇಳದಲ್ಲಿ ಬೀಜ, ಗಡ್ಡೆ, ಗಿಡಗಳ ವಿನಿಮಯ ನಡೆಯುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು.

ಈಗ ಈ ಪದ್ಧತಿ ಸ್ವಲ್ಪ ಬದಲಾಗಿದೆ. ಗೃಹಪ್ರವೇಶ, ಉಪನಯನ, ಹುಟ್ಟುಹಬ್ಬಗಳಿಗೆ ಹೂಗುಚ್ಛವನ್ನೋ ಕುಂಡದ ಗಿಡವನ್ನೋ ತಾವು ಹೋಗದೆ ಕಳಿಸಿಕೊಡುವ ರೂಢಿ ಪೇಟೆಯಿಂದ ಹಳ್ಳಿಗೂ ಬಂದಿದೆ. ಊರಿನ ಬಸ್ಸು, ಬಾಡಿಗೆ ಆಟೋ, ಪೇಟೆಗೆ ಹೊರಟ ನೆರೆಯವರ ವಾಹನ, ಅಂಚೆ ಇವೆಲ್ಲ ಸಾಗಣೆಯ ದಾರಿಗಳು. ಸಾರಿಗೆ ನಿಗಮದ ಬಸ್ಸುಗಳಲ್ಲಿ 2021ರಲ್ಲಿ 'ನಮ್ಮ ಕಾರ್ಗೋ' ಎಂಬ ಪಾರ್ಸೆಲ್ ಸೇವೆಯೂ ಆರಂಭವಾಯಿತು. ಮನೆಯಂಗಳದಲ್ಲಿ ಹೂವು ಬೆಳೆಯುವ ಗೃಹಿಣಿಯರಿಗೆ ಇದರಿಂದ ಸಣ್ಣ ಆದಾಯಕ್ಕೂ ಅವಕಾಶವಿದೆ. ಆದರೆ ಗಿಡವು ಅಕ್ಕಿಮೂಟೆಯಂತಹ ಸರಕಲ್ಲ. ಅದು ದಾರಿಯಲ್ಲಿಯೂ ಉಸಿರಾಡುತ್ತದೆ, ನೀರು ಕಳೆದುಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ತನ್ನ ಬೇರಿನಲ್ಲಿ ಇರುವುದನ್ನೆಲ್ಲ ಜೊತೆಗೆ ಒಯ್ಯುತ್ತದೆ.

ಒಂದು ಸ್ವಂತ ಅನುಭವ

ಕೆಲವು ವರ್ಷಗಳ ಹಿಂದೆ ಯಲ್ಲಾಪುರ ಕಡೆಯ ಬಂಧುಗಳ ಗೃಹಪ್ರವೇಶಕ್ಕೆ ಈ ಲೇಖಕನು ನಾಲ್ಕು ಕುಂಡ ಆಂಥೂರಿಯಂ ಗಿಡಗಳನ್ನು ಬಾಡಿಗೆ ವಾಹನದಲ್ಲಿ ಕಳಿಸಿದ್ದನು. ಕುಂಡಕ್ಕೆ ತುಂಬಿದ್ದು ನಮ್ಮ ತೋಟದ್ದೇ ಮಣ್ಣು. ಗಿಡಗಳು ಒಂದು ಎಲೆಯೂ ಮುರಿಯದೆ ತಲುಪಿದವು, ಜಗುಲಿಯಲ್ಲಿ ಚೆನ್ನಾಗಿ ಹೂಬಿಟ್ಟವು. ಮುಂದೆ ಕುಂಡ ಸಾಲದೆಂದು ಅವುಗಳನ್ನು ತೋಟದ ಅಂಚಿನಲ್ಲಿ, ಮೆಣಸಿನ ಬಳ್ಳಿ ಹಬ್ಬಿಸಿದ ಅಡಿಕೆ ಮರಗಳ ಬುಡದ ಹತ್ತಿರ ನೆಟ್ಟರು. ಎರಡು ಮಳೆಗಾಲ ಕಳೆದ ಮೇಲೆ ನಾನು ಅಲ್ಲಿಗೆ ಹೋದಾಗ ಅವರು ಹೇಳಿದ ಮಾತು ಇಷ್ಟೇ: "ಭಾವ, ನೀ ಕೊಟ್ಟ ಗಿಡ ಚೊಲೋ ಬೈಂದು. ಅದ್ರ ಬದಿಯ ಮೆಣಸು ಮಾತ್ರ ಎಂತಕೋ ಸೊರಗ್ತಾ ಇದ್ದು."

ಬಳ್ಳಿಯ ಬುಡ ಬಿಡಿಸಿ ನೋಡಿದಾಗ ಎಳೆ ಬೇರುಗಳಲ್ಲಿ ಕಂದು ಗಾಯಗಳು ಕಂಡವು. ಮನೆಗೆ ಬಂದು ನಮ್ಮಲ್ಲಿ ಉಳಿದಿದ್ದ ಆಂಥೂರಿಯಂ ಕುಂಡ ಬೋರಲು ಹಾಕಿ ನೋಡಿದರೆ ಅದರ ಬೇರಿನಲ್ಲಿಯೂ ಅಂತಹವೇ ಗಾಯಗಳು. ರೋಗ ನನ್ನ ಕುಂಡದಿಂದಲೇ ಹೋಯಿತೆಂದು ಪ್ರಮಾಣ ಮಾಡಿ ಹೇಳಲಾರೆ, ಹೋಗಲಿಲ್ಲವೆಂದೂ ಹೇಳಲಾರೆ. ಆದರೆ ಬೇಸಾಯಶಾಸ್ತ್ರ ಕಲಿಸುವವನು ಕುಂಡಕ್ಕೆ ಮಣ್ಣು ತುಂಬುವಾಗ ಒಂದು ಕ್ಷಣ ಯೋಚಿಸಬೇಕಿತ್ತು. ಆ ಯೋಚನೆಯನ್ನು ಈಗ ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ. ಉಡುಗೊರೆಯ ಗಿಡ ಜೀವಂತವಾಗಿ ತಲುಪಬೇಕು, ಅದರ ಜೊತೆ ರೋಗ ತಲುಪಬಾರದು. ಇವೆರಡೂ ಬಹುಮಟ್ಟಿಗೆ ನಿರ್ಧಾರವಾಗುವುದು ಗಿಡ ಹೊರಡುವ ಮನೆಯಲ್ಲಿಯೇ.

ಕೊಯ್ದ ಹೂವು: ಯಾವ ಹಂತದಲ್ಲಿ ಕೊಯ್ಯಬೇಕು?

ಕೊಯ್ದ ಹೂವಿಗೆ ಬೇರಿನ ಆಸರೆ ತಪ್ಪಿರುತ್ತದೆ. ದಂಟಿನಲ್ಲಿ ಉಳಿದ ನೀರು ಮತ್ತು ಸಕ್ಕರೆಯ ಅಂಶದಲ್ಲಿಯೇ ಅದು ದಿನ ಕಳೆಯಬೇಕು. ಆದ್ದರಿಂದ ಬಿಸಿಲೇರುವ ಮುನ್ನ, ಬೆಳಗಿನ ತಂಪಿನಲ್ಲಿ ಹೂ ಕೊಯ್ಯುವುದು ಒಳ್ಳೆಯದು. ಬೆಳಿಗ್ಗೆ ಸಾಧ್ಯವಾಗದಿದ್ದರೆ ಸಂಜೆ ಕೊಯ್ದು ರಾತ್ರಿಯೆಲ್ಲ ನೀರಿನಲ್ಲಿ ಇಡಬಹುದು. ನಡುಹಗಲು ಕೊಯ್ದ ಹೂವು ದೂರ ಹೋಗಲಾರದು.

ಎಲ್ಲ ಹೂವುಗಳನ್ನೂ ಒಂದೇ ಹಂತದಲ್ಲಿ ಕೊಯ್ಯಬಾರದು. ನಮ್ಮ ಭಾಗದ ಅಂಗಳಗಳಲ್ಲಿ ಸಾಮಾನ್ಯವಾದ ಹೂವುಗಳಿಗೆ ಈ ಕೆಳಗಿನ ಕ್ರಮ ಅನುಸರಿಸಬಹುದು.

1. ಡೇರೆ: ಇದರ ಮೊಗ್ಗು ಕೊಯ್ದ ಮೇಲೆ ಸರಿಯಾಗಿ ಅರಳುವುದಿಲ್ಲ. ಮುಕ್ಕಾಲು ಭಾಗ ಅಥವಾ ಪೂರ್ತಿ ಅರಳಿದ, ಆದರೆ ಹಿಂಬದಿಯ ದಳ ಇನ್ನೂ ಬಾಡದ ಹೂವನ್ನು ಆರಿಸಬೇಕು.
2. ಗುಲಾಬಿ: ಮೊಗ್ಗು ಪೂರ್ತಿ ಬಣ್ಣ ತಳೆದು, ಹೊರಗಿನ ಒಂದೆರಡು ದಳ ಬಿಡಿಸಿಕೊಳ್ಳಲು ಆರಂಭಿಸಿದಾಗ.
3. ಗ್ಲಾಡಿಯೋಲಸ್: ದಂಟಿನ ಕೆಳಗಿನ ಒಂದೆರಡು ಮೊಗ್ಗು ಬಣ್ಣ ತೋರಿದಾಗ. ಇದನ್ನು ನೆಟ್ಟಗೆ ನಿಲ್ಲಿಸಿಯೇ ಸಾಗಿಸಬೇಕು. ಮಲಗಿಸಿದರೆ ತುದಿ ಮೇಲಕ್ಕೆ ಬಾಗುತ್ತದೆ, ಆಮೇಲೆ ನೇರವಾಗುವುದಿಲ್ಲ.
4. ಸುಗಂಧರಾಜ: ದಂಟಿನ ಕೆಳಗಿನ ಎರಡು ಮೂರು ಹೂ ಅರಳಿದಾಗ.
5. ಆಂಥೂರಿಯಂ: ನಡುವಿನ ಕಡ್ಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಬುಡದಿಂದ ಬಣ್ಣ ಬದಲಿಸಿದಾಗ. ಎಳೆಯದನ್ನು ಕೊಯ್ದರೆ ಬೇಗ ಬಾಡುತ್ತದೆ.
6. ಹೆಲಿಕೋನಿಯಾ: ಕೊಯ್ದ ಮೇಲೆ ಮುಂದಿನ ದೊನ್ನೆಗಳು ಬಿಚ್ಚಿಕೊಳ್ಳುವುದಿಲ್ಲ. ಕಳಿಸಲು ಎಷ್ಟು ಬಿಚ್ಚಿರಬೇಕೋ ಅಷ್ಟು ಗಿಡದಲ್ಲಿಯೇ ಬಿಚ್ಚಿರಬೇಕು.

ಹರಿತವಾದ ಚಾಕುವಿನಿಂದ ದಂಟನ್ನು ಓರೆಯಾಗಿ ಕತ್ತರಿಸಿ ಕೂಡಲೇ ಶುದ್ಧ ನೀರಿರುವ ಬಕೆಟ್ಟಿಗೆ ಹಾಕಬೇಕು. ನೀರಿನಲ್ಲಿ ಮುಳುಗುವ ಎಲೆಗಳನ್ನು ತೆಗೆದುಬಿಡಬೇಕು. ಅವು ಕೊಳೆತು ನೀರಿನಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿ ದಂಟಿನ ನಾಳಗಳು ಕಟ್ಟಿಕೊಳ್ಳುತ್ತವೆ. ಹೂವು ನೀರಿನಲ್ಲಿದ್ದೂ ಬಾಡುವುದಕ್ಕೆ ಬಹುಸಲ ಇದೇ ಕಾರಣ. ಡೇರೆ ಹೂವಿನ ದಂಟಿನ ತುದಿಯನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಅದ್ದಿ, ನೀರು ತಾನಾಗಿ ಆರುವವರೆಗೆ ಒಂದು ತಾಸು ಬಿಡುವ ಕ್ರಮವೂ ರೂಢಿಯಲ್ಲಿದೆ. ಬಿಸಿನೀರಿನ ಹಬೆ ಹೂವಿಗೆ ತಾಗದಂತೆ ನೋಡಿಕೊಳ್ಳಬೇಕು. ಹೂದಾನಿಯ ಪ್ರತಿ ಲೀಟರ್ ನೀರಿಗೆ 20 ಗ್ರಾಂ ಸಕ್ಕರೆ ಮತ್ತು ಒಂದು ಚಿಟಿಕೆ ನಿಂಬೆಹುಳಿ ಉಪ್ಪು ಸೇರಿಸಿದರೆ ಹೂವಿಗೆ ಆಹಾರವೂ ಸಿಗುತ್ತದೆ, ನೀರೂ ಬೇಗ ಕೆಡುವುದಿಲ್ಲ.

ಮಲ್ಲಿಗೆ ಕಲಿಸುವ ಪಾಠ

ಹೂವನ್ನು ಹತ್ತಿರದ ಊರುಗಳಿಗೆ ಸಾಗಿಸುವ ವಿದ್ಯೆಯನ್ನು ಕರಾವಳಿಯ ಮಲ್ಲಿಗೆ ಬೆಳೆಗಾರರಿಂದ ಕಲಿಯಬೇಕು. ನಮ್ಮ ಜಿಲ್ಲೆಯ ಭಟ್ಕಳ ಮಲ್ಲಿಗೆ ಮತ್ತು ಉಡುಪಿ ಜಿಲ್ಲೆಯ ಶಂಕರಪುರ ಮಲ್ಲಿಗೆ ಪ್ರತಿದಿನ ಊರೂರಿಗೆ ಹೋಗುವ ಹೂವುಗಳು. ಅರಳದ ಮೊಗ್ಗನ್ನು ಬೆಳಗಿನ ಜಾವವೇ ಕೊಯ್ದು, ಬಾಳೆನಾರಿನಿಂದ ಕಟ್ಟಿ, ಬಾಳೆ ಎಲೆಯಲ್ಲಿ ಸುತ್ತಿ ಕಳಿಸುತ್ತಾರೆ. ಶಂಕರಪುರದ ಲೆಕ್ಕದಲ್ಲಿ 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹೂವು ಸಂಜೆ ಮುಡಿಯುವವರ ಕೈಯಲ್ಲಿ ಅರಳಬೇಕು ಎಂಬುದೇ ಇಲ್ಲಿನ ಇಡೀ ಏರ್ಪಾಟಿನ ಗುರಿ.

ಬಾಳೆ ಎಲೆ ಮತ್ತು ಬಾಳೆಪಟ್ಟೆ ತೇವವನ್ನು ಹಿಡಿದಿಡುತ್ತವೆ, ಆದರೆ ಪ್ಲಾಸ್ಟಿಕ್ ಚೀಲದಂತೆ ಬೆವರು ಕಟ್ಟಿ ಹೂವನ್ನು ಬೇಯಿಸುವುದಿಲ್ಲ. ಅಡಿಕೆ ಸೀಮೆಯಲ್ಲಿ ಬಾಳೆಗೂ ಹಾಳೆಗೂ ಬರವಿಲ್ಲ. ಹೂಗುಚ್ಛದ ದಂಟಿನ ತುದಿಗೆ ಒದ್ದೆ ಬಟ್ಟೆ ಸುತ್ತಿ, ಮೇಲೆ ಬಾಳೆ ಎಲೆ ಹೊದಿಸಿ, ಹೊರಗೆ ಅಡಿಕೆ ಹಾಳೆಯನ್ನು ಕೊಳವೆಯಂತೆ ಸುತ್ತಿ ಕಟ್ಟಿದರೆ ಬಸ್ಸಿನ ನೂಕುನುಗ್ಗಲನ್ನೂ ಅದು ತಡೆದುಕೊಳ್ಳುತ್ತದೆ.

ಇನ್ನೊಂದು ಎಚ್ಚರಿಕೆ ಅಗತ್ಯ. ಹಣ್ಣಾಗುತ್ತಿರುವ ಬಾಳೆಗೊನೆ ಅಥವಾ ಮಾವಿನ ಬುಟ್ಟಿಯ ಪಕ್ಕದಲ್ಲಿ ಹೂವನ್ನು ಇಡಬಾರದು. ಹಣ್ಣಿನಿಂದ ಹೊರಡುವ ಎಥಿಲೀನ್ ಎಂಬ ಅನಿಲವು ಹೂವನ್ನೂ ಬೇಗ ಮುದಿಯಾಗಿಸುತ್ತದೆ. ಆಂಥೂರಿಯಂ, ಹೆಲಿಕೋನಿಯಾಗಳನ್ನು ಶೀತಪೆಟ್ಟಿಗೆಯಲ್ಲಿ ಇಡುವುದೂ ತಪ್ಪು. ಇವು ಬಿಸಿನಾಡಿನ ಹೂವುಗಳಾದ್ದರಿಂದ 12 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಂಪಿನಲ್ಲಿ ಬಣ್ಣ ಕೆಟ್ಟು ಕಪ್ಪಾಗುತ್ತವೆ.

ಕುಂಡದ ಗಿಡವನ್ನು ಪ್ರಯಾಣಕ್ಕೆ ಸಿದ್ಧಪಡಿಸುವುದು

ಗಿಡವನ್ನು ಹೊರಡುವ ದಿನ ಬೆಳಿಗ್ಗೆ ಕಿತ್ತು ಕುಂಡಕ್ಕೆ ಹಾಕಿ ಕಳಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಕಿತ್ತಾಗ ಎಳೆ ಬೇರುಗಳು ಹರಿಯುತ್ತವೆ. ನೀರು ಹೀರುವುದು ಅವೇ. ಆದ್ದರಿಂದ ಗಿಡ ಕುಂಡದಲ್ಲಿ ಕನಿಷ್ಠ ಒಂದು ತಿಂಗಳಾದರೂ ಬೇರೂರಿರಬೇಕು. ಕುಂಡದ ಅಡಿಯ ತೂತಿನಲ್ಲಿ ಬಿಳಿ ಬೇರಿನ ತುದಿ ಕಂಡರೆ ಗಿಡ ಸಿದ್ಧವಾಗಿದೆ ಎಂದು ತಿಳಿಯಬಹುದು.

ಬಿಸಿಲಿನಲ್ಲಿ ಬೆಳೆದ ಗಿಡವನ್ನು ಮನೆಯೊಳಗಿಡಲು ಕೊಡುವುದಾದರೆ, ಹೊರಡುವ 7ರಿಂದ 10 ದಿನ ಮೊದಲು ಅದನ್ನು ನೆರಳಿಗೆ ಸರಿಸಬೇಕು. ಬೆಳಕು ಒಮ್ಮೆಲೇ ಕಡಿಮೆಯಾದರೆ ಎಲೆ ಹಳದಿಯಾಗಿ ಉದುರುತ್ತದೆ, ಪಡೆದವರು ತಮ್ಮದೇ ತಪ್ಪೆಂದು ನೊಂದುಕೊಳ್ಳುತ್ತಾರೆ. ಹೊರಡುವ ಮೊದಲಿನ ಎರಡು ವಾರ ಗೊಬ್ಬರ ಕೊಡಬಾರದು. ನೀರನ್ನು ಹಿಂದಿನ ದಿನ ಸಂಜೆ ಕೊಟ್ಟು ರಾತ್ರಿ ಬಸಿಯಲು ಬಿಡಬೇಕು. ಹೊರಡುವ ಗಳಿಗೆಯಲ್ಲಿ ಕುಂಡ ತುಂಬ ನೀರು ಹಾಕಿದರೆ ಭಾರ ಹೆಚ್ಚುತ್ತದೆ, ವಾಹನದಲ್ಲಿ ಕೆಸರಾಗುತ್ತದೆ, ಅಲುಗಾಟಕ್ಕೆ ಒದ್ದೆ ಮಣ್ಣು ಕುಸಿದು ಬೇರು ಸಡಿಲವಾಗುತ್ತದೆ.

ಮಣ್ಣಿನ ಕುಂಡ ನೋಡಲು ಚೆಂದವಾದರೂ ಪ್ರಯಾಣಕ್ಕೆ ಯೋಗ್ಯವಲ್ಲ. ಹಗುರವಾದ ಪ್ಲಾಸ್ಟಿಕ್ ಕುಂಡ ಅಥವಾ ಅಡಿಕೆ ಹಾಳೆಯ ಕೊಟ್ಟೆ ಸಾಕು. ಮಣ್ಣಿನ ಮೇಲೆ ತೆಂಗಿನ ನಾರು ಹಾಸಿ, ಕುಂಡಕ್ಕೆ ಅಡ್ಡಲಾಗಿ ಎರಡು ಸುತ್ತು ದಾರ ಕಟ್ಟಿದರೆ ಕುಂಡ ಉರುಳಿದರೂ ಮಣ್ಣು ಚೆಲ್ಲುವುದಿಲ್ಲ. ಗಿಡಕ್ಕೆ ಒಂದು ಊರುಗೋಲು ಕಟ್ಟಬೇಕು. ರಟ್ಟಿನ ಪೆಟ್ಟಿಗೆಯಲ್ಲಿ ಇಡುವುದಾದರೆ ಬದಿಗಳಲ್ಲಿ ಗಾಳಿಗೆ ತೂತು ಮಾಡಿ, ಕುಂಡದ ಸುತ್ತ ಒಣ ದರಕು ತುರುಕಿ ಅಲುಗಾಡದಂತೆ ಮಾಡಬೇಕು. ದರಕಿನಲ್ಲಿ ಇರುವೆ, ಹುಳು ಇರದಂತೆ ಮೊದಲೇ ಬಿಸಿಲಿಗೆ ಹಾಕಿ ಕೊಡವಿಕೊಳ್ಳಬೇಕು. ಮೇಲ್ಮುಖ ಯಾವುದೆಂದು ಪೆಟ್ಟಿಗೆಯ ಹೊರಗೆ ದಪ್ಪ ಅಕ್ಷರದಲ್ಲಿ ಬರೆಯಬೇಕು. ಪೆಟ್ಟಿಗೆಯ ಕತ್ತಲಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದರೆ ಹೆಚ್ಚಿನ ಗಿಡಗಳಿಗೆ ತೊಂದರೆಯಿಲ್ಲ. ಅದಕ್ಕಿಂತ ಹೆಚ್ಚು ದಿನ ತಗಲುವ ಊರಿಗೆ ಕುಂಡದ ಗಿಡದ ಬದಲು ಗಡ್ಡೆ ಅಥವಾ ಬೀಜ ಕಳಿಸುವುದೇ ವಿವೇಕ.

ಡೇರೆ ಗಡ್ಡೆ: ಕಣ್ಣಿಲ್ಲದ ಉಡುಗೊರೆ ಕೊಡಬೇಡಿ

ಡೇರೆ ಮೆಕ್ಸಿಕೋ ದೇಶದ ಮೂಲದ್ದು. ಮಲೆನಾಡಿನಲ್ಲಿ ಮೊದಲ ಮಳೆಗೆ ನೆಟ್ಟ ಗಡ್ಡೆ ಚೌತಿಯ ಹೊತ್ತಿಗೆ ಹೂವಿನಲ್ಲಿ ಇರುತ್ತದೆ. ಚಳಿಗಾಲದಲ್ಲಿ ಗಿಡ ಒಣಗಿದ ಮೇಲೆ ಗಡ್ಡೆ ಅಗೆದು ಒಣ ಮರಳಿನಲ್ಲಿ ಇಡುವುದು ವಾಡಿಕೆ. ಸಾಗಣೆಗೆ ಇದಕ್ಕಿಂತ ಅನುಕೂಲವಾದ ಉಡುಗೊರೆ ಇಲ್ಲ. ಬಟ್ಟೆ ಚೀಲದಲ್ಲಿ ಒಣ ಮರದ ಹೊಟ್ಟಿನೊಡನೆ ಕಟ್ಟಿ ಅಂಚೆಯಲ್ಲಿ ಕಳಿಸಿದರೂ ಕೆಡುವುದಿಲ್ಲ.

ಆದರೆ ಗೆಣಸಿನಂತೆ ಕಾಣುವ ಡೇರೆ ಗಡ್ಡೆಯ ಮೈಯಲ್ಲಿ ಕಣ್ಣುಗಳಿಲ್ಲ. ಚಿಗುರುವ ಕಣ್ಣು ಇರುವುದು ಹಳೆಯ ದಂಟಿನ ಬುಡದಲ್ಲಿ, ಗಡ್ಡೆಯ ಕುತ್ತಿಗೆ ಸೇರುವ ಜಾಗದಲ್ಲಿ ಮಾತ್ರ. ಗೊಂಚಲಿನಿಂದ ಕೈಗೆ ಬಂದಂತೆ ಮುರಿದು ಕೊಟ್ಟ ಗಡ್ಡೆ ಎಷ್ಟು ದಪ್ಪವಾಗಿದ್ದರೂ ಮಣ್ಣಿನಲ್ಲಿ ಕೊಳೆಯುತ್ತದೆಯೇ ಹೊರತು ಚಿಗುರುವುದಿಲ್ಲ. ಪ್ರತಿ ಗಡ್ಡೆಯ ಜೊತೆ ದಂಟಿನ ಬುಡದ ಒಂದು ತುಣುಕು ಬರುವಂತೆ ಚಾಕುವಿನಿಂದ ಬಿಡಿಸಬೇಕು. ಕೊಯ್ದ ಜಾಗಕ್ಕೆ ಬೂದಿ ಹಚ್ಚಿ ಎರಡು ದಿನ ನೆರಳಿನಲ್ಲಿ ಆರಿಸಬೇಕು. ಎಲೆಯಲ್ಲಿ ಹಳದಿ ಮಚ್ಚೆ ಅಥವಾ ನರದ ಉದ್ದಕ್ಕೂ ಬಿಳಚಿಕೆ ಇದ್ದು ಗಿಡ ಗಿಡ್ಡವಾಗಿದ್ದರೆ ಅದು ನಂಜುರೋಗವಿರಬಹುದು. ಅಂತಹ ಗಿಡದ ಗಡ್ಡೆಯನ್ನು ಯಾರಿಗೂ ಕೊಡಬಾರದು, ನಂಜು ಗಡ್ಡೆಯ ಮೂಲಕವೇ ಮುಂದಿನ ವರ್ಷಕ್ಕೆ ದಾಟುತ್ತದೆ.

ಗಿಡದೊಡನೆ ಹೋಗುವ ರೋಗಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಬೇರು ಕೊರೆಯುವ ಜಂತುಹುಳು ಒಂದು ಮಿಲಿಮೀಟರಿಗಿಂತಲೂ ಚಿಕ್ಕದು, ಬರಿಗಣ್ಣಿಗೆ ಕಾಣುವುದಿಲ್ಲ. ಬಾಳೆ, ಅಡಿಕೆ, ಕಾಳುಮೆಣಸು ಈ ಮೂರೂ ಅದಕ್ಕೆ ಆಹಾರ. ನಮ್ಮ ತೋಟದಲ್ಲಿ ಇರುವುದೂ ಈ ಮೂರೇ. ಅಲಂಕಾರದ ಆಂಥೂರಿಯಂ ಕೂಡ ಇದೇ ಜಂತುಹುಳುವಿಗೆ ಆಶ್ರಯ ಕೊಡುತ್ತದೆ. ಇಂಡೋನೇಷ್ಯಾದ ಬಂಕಾ ದ್ವೀಪದಲ್ಲಿ 1930ರ ದಶಕದಿಂದ ಮುಂದೆ ಸುಮಾರು ಇಪ್ಪತ್ತು ವರ್ಷಗಳಲ್ಲಿ ಎರಡು ಕೋಟಿಗೂ ಹೆಚ್ಚು ಮೆಣಸಿನ ಬಳ್ಳಿಗಳು ಹಳದಿಯಾಗಿ ನಾಶವಾದದ್ದಕ್ಕೆ ಈ ಜಂತುಹುಳುವೇ ಕಾರಣವೆಂದು ಗುರುತಿಸಲಾಗಿದೆ. ಜಂತುಹುಳು ತಾನಾಗಿ ವರ್ಷಕ್ಕೆ ಕೆಲವು ಅಡಿ ದೂರ ಮಾತ್ರ ಹೋಗಬಲ್ಲದು. ಅದನ್ನು ತಾಲೂಕಿನಿಂದ ತಾಲೂಕಿಗೆ ದಾಟಿಸುವವರು ಮಣ್ಣು, ಗಿಡ, ಬಾಳೆ ಹಿಳ್ಳೆ ಸಾಗಿಸುವ ನಾವೇ.

ಇದೇ ರೀತಿ ಕುಂಡದ ಮೆಣಸಿನ ಬಳ್ಳಿಯ ಮಣ್ಣಿನಲ್ಲಿ ಶೀಘ್ರ ಸೊರಗು ರೋಗದ ಶಿಲೀಂಧ್ರ ಹೋಗಬಹುದು. ಏಲಕ್ಕಿ ಹಿಳ್ಳೆಯೊಡನೆ ಕಟ್ಟೆ ರೋಗ ಹೋಗುತ್ತದೆ. ಎಳೆ ಎಲೆಯಲ್ಲಿ ನರಕ್ಕೆ ಸಮಾನಾಂತರವಾಗಿ ತುಂಡು ತುಂಡು ತಿಳಿಹಸಿರು ಗೆರೆಗಳು ಇದರ ಗುರುತು. ಕಟ್ಟೆ ರೋಗ ಬೀಜದಿಂದ ಹರಡುವುದಿಲ್ಲವಾದ್ದರಿಂದ ಏಲಕ್ಕಿಯನ್ನು ಬೀಜದ ಸಸಿಯಾಗಿ ಕೊಡುವುದು ಕ್ಷೇಮ. ಆಫ್ರಿಕಾದ ದೈತ್ಯ ಬಸವನಹುಳುವಿನ ಮೊಟ್ಟೆಗಳೂ ಕುಂಡದ ಮಣ್ಣಿನಲ್ಲಿ ಅಡಗಿ ಊರು ಬದಲಿಸುತ್ತವೆ.

ಕೆಲವು ಸಲ ಗಿಡವೇ ಪೀಡೆಯಾಗುತ್ತದೆ. ಇಂದು ಬೆಟ್ಟ ಬೇಣಗಳನ್ನು ಮುತ್ತಿರುವ ಲಂಟಾನ 19ನೇ ಶತಮಾನದಲ್ಲಿ ಉದ್ಯಾನದ ಅಲಂಕಾರಕ್ಕೆಂದು ನಮ್ಮ ದೇಶಕ್ಕೆ ಬಂದ ಗಿಡ. ಬೇಲಿ ದಾಟಿ ತಾನಾಗಿ ಹಬ್ಬುವ ಬಳ್ಳಿ, ನೆಲಹಾಸಿನ ಗಿಡಗಳನ್ನು ಉಡುಗೊರೆಯಾಗಿ ಕೊಡದಿರುವುದು ಲೇಸು. ಹಾಗೆಯೇ ಕಾಡಿನ ಮರದಿಂದ ಸೀತಾಳೆ ದಂಡೆಯನ್ನು ಕಿತ್ತು ಕಳಿಸುವುದೂ ಸಲ್ಲದು.

ನಿವಾರಣೆಯ ಕ್ರಮಗಳು

1. ಉಡುಗೊರೆಯ ಕುಂಡಕ್ಕೆ ತೋಟದ ಮಣ್ಣು ಬಳಸಬಾರದು. ಆಂಥೂರಿಯಂ ಗಿಡಕ್ಕೆ ಮಣ್ಣೇ ಬೇಕಿಲ್ಲ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರುಗಳಲ್ಲಿ ಅದು ಚೆನ್ನಾಗಿ ಬೆಳೆಯುತ್ತದೆ.
2. ಮಣ್ಣು ಬೇಕೇಬೇಕಾದ ಗಿಡಗಳಿಗೆ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರವನ್ನು ಸಮಪ್ರಮಾಣದಲ್ಲಿ ಬೆರೆಸಿ, ಮಾರ್ಚ್-ಏಪ್ರಿಲ್ ಬಿಸಿಲಿನಲ್ಲಿ 15 ಸೆಂ.ಮೀ. ದಪ್ಪ ಹರಡಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಅಂಚಿನಲ್ಲಿ ಗಾಳಿಯಾಡದಂತೆ ಮುಚ್ಚಿ 4ರಿಂದ 6 ವಾರ ಬಿಡಬೇಕು. ಒಳಗಿನ ಕಾವಿಗೆ ಜಂತುಹುಳು, ಶಿಲೀಂಧ್ರ ಬಹುಪಾಲು ಸಾಯುತ್ತವೆ. ಆರಿದ ಮೇಲೆ ಪ್ರತಿ ಕಿಲೋ ಮಿಶ್ರಣಕ್ಕೆ 1 ಗ್ರಾಂ ಟ್ರೈಕೋಡರ್ಮ ಬೆರೆಸಬೇಕು.
3. ಕುಂಡಗಳನ್ನು ನೆಲದ ಮೇಲಿಡದೆ ಕಲ್ಲು ಅಥವಾ ಅಡಿಕೆ ದಬ್ಬೆಯ ಅಟ್ಟಣೆಯ ಮೇಲೆ ಇಡಬೇಕು. ಮಳೆನೀರು ಸಿಡಿದು ತೋಟದ ಮಣ್ಣು ಕುಂಡ ಸೇರಬಾರದು.
4. ಕಳಿಸುವ ಮುನ್ನ ಹತ್ತು ಕುಂಡಗಳಲ್ಲಿ ಒಂದನ್ನಾದರೂ ಬೋರಲು ಹಾಕಿ ಬೇರು ತೊಳೆದು ನೋಡಬೇಕು. ಬೇರು ಬಿಳಿಯಾಗಿದ್ದರೆ ಒಳ್ಳೆಯದು. ಗಂಟು, ಕಂದು ಗಾಯ, ಕೊಳೆತ ತುದಿ ಕಂಡರೆ ಆ ತಂಡದ ಒಂದು ಗಿಡವನ್ನೂ ಹೊರಗೆ ಬಿಡಬಾರದು.
5. ಸಂಶಯ ಬಂದರೆ ಸುಮಾರು 250 ಗ್ರಾಂ ಮಣ್ಣನ್ನು ಎಳೆ ಬೇರುಗಳ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲು ತಾಗಿಸದೆ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರಿಗೆ ತೋರಿಸಿ ಸಲಹೆ ಪಡೆಯಬೇಕು.

ಗಿಡ ಪಡೆದವರು ಮಾಡಬೇಕಾದದ್ದು

ಬಂದ ಗಿಡವನ್ನು ಒಂದು ತಿಂಗಳಾದರೂ ತೋಟದಿಂದ ದೂರ, ಜಗುಲಿಯಲ್ಲಿ ಅಥವಾ ಅಂಗಳದ ಕಲ್ಲಿನ ಮೇಲೆ ಬೇರೆಯಾಗಿ ಇಡಿ. ಮೊದಲ ದಿನ ನೆರಳಿನಲ್ಲಿಟ್ಟು ನೀರು ಕೊಡಿ, ಗೊಬ್ಬರದ ಆತುರ ಬೇಡ. ಕುಂಡದಿಂದ ಬಸಿದ ನೀರು ತೋಟದ ಕಡೆ ಹರಿಯದಿರಲಿ. ಜೊತೆಗೆ ಬಂದ ಮಣ್ಣನ್ನು ಅಡಿಕೆ, ಮೆಣಸಿನ ಬುಡಕ್ಕೆ ಸುರಿಯಬೇಡಿ. ಅಲಂಕಾರದ ಗಿಡ ಅಂಗಳದಲ್ಲಿಯೇ ಇರಲಿ, ತೋಟಕ್ಕೆ ಇಳಿಯುವುದು ಬೇಡ.

ಕಳಿಸುವವರು ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕುಂಡಕ್ಕೆ ಕಟ್ಟುವುದು ಉತ್ತಮ. ಗಿಡದ ಹೆಸರು, ಬಿಸಿಲು ಎಷ್ಟು, ನೀರು ಎಷ್ಟು ದಿನಕ್ಕೊಮ್ಮೆ, ಯಾವ ಮಿಶ್ರಣದಲ್ಲಿ ಬೆಳೆಸಿದ್ದು ಎಂಬ ನಾಲ್ಕು ಸಾಲು ಸಾಕು.

ಮಾರಾಟದ ಲೆಕ್ಕ

ಸ್ವಸಹಾಯ ಸಂಘಗಳ ಮಹಿಳೆಯರು ಇದನ್ನು ಉಪಕಸುಬಾಗಿ ಕೈಗೊಳ್ಳುವುದಾದರೆ ಗಿಡದ ಖರ್ಚಿನೊಡನೆ ಕುಂಡ, ಕಟ್ಟುವ ಸಾಮಗ್ರಿ, ಬಾಡಿಗೆ, ತಮ್ಮ ದುಡಿಮೆ ಹಾಗೂ ಸಾಯುವ ಗಿಡಗಳ ನಷ್ಟವನ್ನೂ ಸೇರಿಸಬೇಕು. 20 ಗಿಡ ಬೆಳೆಸಿದಾಗ 2 ಸತ್ತರೆ, ಉಳಿದ 18 ಗಿಡಗಳ ಬೆಲೆಯಲ್ಲಿ 20 ಗಿಡಗಳ ಖರ್ಚು ಹುಟ್ಟಬೇಕು. ಮೊದಲ ವರ್ಷ ಅದೇ ದಿನ ತಲುಪುವ ಊರುಗಳಿಗೆ ಮಾತ್ರ ಕಳಿಸಿ ಅನುಭವ ಪಡೆಯುವುದು ಕ್ಷೇಮ. ಬಸ್ಸು ಹೊರಡುವ ಮತ್ತು ತಲುಪುವ ಹೊತ್ತನ್ನು ಪಡೆಯುವವರಿಗೆ ಮೊದಲೇ ತಿಳಿಸಿ, ಅವರು ನಿಲ್ದಾಣಕ್ಕೆ ಬರುವುದು ಖಚಿತವಾದ ಮೇಲೆಯೇ ಗಿಡ ಏರಿಸಬೇಕು. ಯಾರೂ ಬಾರದೆ ಬಿಸಿಲಿನಲ್ಲಿ ಅರ್ಧ ದಿನ ನಿಂತ ಪೆಟ್ಟಿಗೆಯೊಳಗಿನ ಗಿಡಕ್ಕೆ ಯಾವ ಉಪಚಾರವೂ ನಾಟುವುದಿಲ್ಲ.

ಯಲ್ಲಾಪುರದ ಬಂಧುಗಳ ತೋಟದಲ್ಲಿ ಆ ನಾಲ್ಕು ಆಂಥೂರಿಯಂ ಗಿಡಗಳನ್ನು ಬೇರು ಸಮೇತ ಕಿತ್ತು ಸುಟ್ಟದ್ದಾಯಿತು. ತೀರ ಸೊರಗಿದ ಬಳ್ಳಿಗಳನ್ನೂ ತೆಗೆದು, ಆ ಬುಡಗಳಿಗೆ ಬೇವಿನಹಿಂಡಿ ಕೊಟ್ಟು, ಮರುನಾಟಿಗೆ ಅವಸರ ಮಾಡಲಿಲ್ಲ. ಮರುವರ್ಷ ಅವರ ಮನೆಯ ಉಪನಯನಕ್ಕೆ ನಾನು ಕಳಿಸಿದ್ದು ಎಂಟು ಡೇರೆ ಗಡ್ಡೆ ಮಾತ್ರ: ತೊಳೆದದ್ದು, ಗಂಟಿಲ್ಲದ್ದು, ಕಣ್ಣಿದ್ದದ್ದು, ಒಂದು ಚಿಟಿಕೆ ಮಣ್ಣೂ ಅಂಟಿರದದ್ದು. ಚೌತಿಗೆ ಹೋದಾಗ ಅಂಗಳದಲ್ಲಿ ಏಳು ಗಿಡ ಹೂಬಿಟ್ಟಿದ್ದವು. ಓದುಗರು ಈ ಸಲ ನೆಂಟರ ಕೈಗೆ ಗಿಡ ಕೊಡುವ ಮುನ್ನ ಒಮ್ಮೆ ಅದರ ಬೇರನ್ನು ನೋಡಿದರೆ ಈ ಬರವಣಿಗೆ ಸಾರ್ಥಕ.